ತೊಟ್ಟಿಯ ಬಣ್ಣ ಹೋಗುವವರೆಗೆ

ಸೇಲಂ ಹೊರಗಿನ, ನೂಲಿಗೆ ಬಣ್ಣ ಹಾಕುವ ಒಂದು ಕಾರ್ಖಾನೆಯಲ್ಲಿ ಕೊಳಕು ನೀರನ್ನು ತಿಳಿಮಾಡುವ ಕೆಲಸ ನನ್ನದು. ತೊಟ್ಟಿಯ ನೀರಿಗೆ ಮೊದಲು ಆಸಿಡ್ ಬೆರೆಸಿ ಹುಳಿ ಮಾಡಬೇಕು. ಆಮೇಲೆ ಕಬ್ಬಿಣದ ಉಪ್ಪಾದ ಅನ್ನಭೇದಿ, ಕೊನೆಗೆ ಪೆರಾಕ್ಸೈಡ್. ಅನ್ನಭೇದಿಯ ಕಬ್ಬಿಣ ತಾಗಿದರೆ ಪೆರಾಕ್ಸೈಡ್ ಒಡೆದು ರ್ಯಾಡಿಕಲ್‌ಗಳು ಹುಟ್ಟುತ್ತವೆ. ಕ್ಷಣವೂ ಸುಮ್ಮನಿರದ ಜಾತಿ ಅವು, ಸಿಕ್ಕ ಬಣ್ಣವನ್ನೆಲ್ಲ ಹರಿದುಹಾಕುತ್ತವೆ.

ತಂಗಿಯ ಮಗಳ ಸೀಮಂತಕ್ಕೆ ಮೊರಪ್ಪೂರಿಗೆ ಹೋಗಿ ಮರುದಿನ ಬೆಳಿಗ್ಗೆ ಬಂದರೆ, ತೊಟ್ಟಿ ಕೆಂಪಗೇ ಇತ್ತು. ನನ್ನ ಬದಲು ಮದ್ದು ಹಾಕಿದ್ದ ಬಣ್ಣದ ಮೇಸ್ತ್ರಿ, ಆಸಿಡ್ ಬಿಟ್ಟು, ಹುಳಿಯನ್ನೇ ಕಳೆಯುವ ಸೋಡಾ ಸುರಿದಿದ್ದ.

"ಸೋಡಾ ಯಾಕಪ್ಪಾ?"

"ಸೋಡಾ ಆಕ್ದೆ ನೂಲಿಗೆ ಬಣ್ಣ ಇಡಿದಿದ್ದೇ ಇಲ್ಲಕ್ಕಾ. ಕೈ ಅದ್ಕೇ ಓಯ್ತು."

"ಲೋ, ನೀನು ಬಣ್ಣ ಇಡಿಸೋನು, ನಾನು ಬಿಡಿಸೋಳು!"

ಅಷ್ಟರಲ್ಲಿ ಯಜಮಾನರು ಬಂದರು. ತೊಟ್ಟಿ ಖಾಲಿಯಾಗದೆ ಬಣ್ಣದ ಮೆಷಿನ್ ನಡೆಯುವಂತಿರಲಿಲ್ಲ.

"ಬಾವಿ ನೀರು ಸೇರ್ಸಿ ಅಳ್ಳಕ್ಕೆ ಬಿಟ್ಬಿಡಮ್ಮ. ತೆಳ್ಳಗಾದ್ರೆ ಯಾರುಕ್ಕು ತೆರಿಯುಂ, ಯಾರ್ಗೆ ಗೊತ್ತಾಗ್ತದೆ?"

ಆ ಹಳ್ಳದಲ್ಲಿ ಕುರಿ ನೀರು ಕುಡಿಯುತ್ತವೆ. ಮೇಚೇರಿಯ ಕುರಿ ಸಾಕುವ ಮನೆಯಲ್ಲಿ ಹುಟ್ಟಿದವಳು ನಾನು. ಹೊಟ್ಟೆಯುಬ್ಬಿ ಬಿದ್ದ ಕುರಿಯ ಬಾಯಿ ಬಿಡಿಸಿ ಎಣ್ಣೆ ಹಾಕಿದ ಕೈ ಇದು.

"ನೀರು ಸೇರ್ಸಿದ್ರೆ ವಿಷ ಕಮ್ಮಿ ಆಗಾಕಿಲ್ಲ ಸಾರ್. ನಾನು ವಾಲ್ವ್ ತೆಗ್ಯಾಕಿಲ್ಲ."

"ನಾಳೆ ಬೇರೆಯೋರ್ನ ಕರ್ಕೊಂಡು ಬರ್ತೀನಿ, ನೋಡ್ತಾ ಇರು."

"ಕರ್ಕೊಂಡು ಬನ್ನಿ. ಇವತ್ತು ನಾನಿದೀನಲ್ಲ."

ವಾಲ್ವಿನ ಮುಂದೆಯೇ ಸ್ಟೂಲು ಹಾಕಿಕೊಂಡು ಕುಳಿತೆ. ಯಜಮಾನರು ದುಮುಗುಟ್ಟುತ್ತಾ ಆಫೀಸಿಗೆ ಹೋದರು. ಮೇಸ್ತ್ರಿ ತಲೆ ಕೆರೆದುಕೊಂಡು, ಕಲಕಲು ಉದ್ದನೆಯ ಕೋಲು ತಂದ. ನಾನು ಹೇಳಿದಷ್ಟೇ ಆಸಿಡ್ ಹನಿಸಿದ. ಸೋಡಾ ಬುಸುಗುಟ್ಟಿ ನೊರೆ ಉಕ್ಕಿತು. ಹುಳಿ ನೋಡುವ ಕಾಗದ ಕೆಂಪಾಗುವವರೆಗೂ ನಾನು ಅವನಿಗೆ ಅನ್ನಭೇದಿಯ ಚೀಲ ಮುಟ್ಟಗೊಡಲಿಲ್ಲ. ಆಮೇಲೆ ಅದನ್ನು ಬೆರೆಸಿ, ಪೆರಾಕ್ಸೈಡನ್ನು ಸಣ್ಣಗೆ ಬಿಟ್ಟೆವು. ತೊಟ್ಟಿಯ ಗೋಡೆ ಬೆಚ್ಚಗಾಯಿತು. ಮಧ್ಯಾಹ್ನದ ಊಟದ ಹೊತ್ತಿಗೆ ಕೆಂಪು ಹೋಗಿ ಟೀ ಬಣ್ಣ, ಮೂರು ಗಂಟೆಗೆ ಹುಳಿ ಕಳೆಯಲು ಸುಣ್ಣ ಹಾಕಿದ ಮೇಲೆ ತುಕ್ಕಿನ ಕೆಸರು ತಳಕ್ಕಿಳಿದು ಮೇಲೆ ತಿಳಿ.

ಸಂಜೆ ಯಜಮಾನರು ಗಾಜಿನ ಲೋಟದಲ್ಲಿ ನೀರು ಎತ್ತಿ ಬೆಳಕಿಗೆ ಹಿಡಿದರು.

"ಸರಿ, ಈಗ್ಲಾದ್ರೂ ತೆಗಿ."

ಪೆರಾಕ್ಸೈಡ್ ಉಳಿದಿದೆಯೇ ಎಂದು ನೋಡುವ ಪಟ್ಟಿಯನ್ನು ಅದ್ದಿ ತೋರಿಸಿದೆ. ಅದು ಇನ್ನೂ ನೀಲಿಗೆ ತಿರುಗುತ್ತಿತ್ತು; ಅಂದರೆ ಪೆರಾಕ್ಸೈಡ್ ಉಳಿದಿದೆ, ಕುರಿ ಕುಡಿಯುವಂತಿಲ್ಲ.

"ಇದು ಬಿಳೀಗೇ ಉಳಿಯೋಗಂಟ ಇಲ್ಲ ಸಾರ್," ಎಂದೆ, ಸ್ಟೂಲಿನಿಂದ ಏಳದೆ.