ಅಚ್ಚಿನ ನಟ್ಟಿಗೆ ಉಗುರುಬಣ್ಣ

ಒಬ್ದೂಲಿಯಾ ದಿನವೂ ಬೆಳಿಗ್ಗೆ ಔಷಧಿ ಅಂಗಡಿಯ ತೂಕದ ಯಂತ್ರದ ಮೇಲೆ ನಿಲ್ಲುತ್ತಿದ್ದಳು. ಮುಳ್ಳು ಅರವತ್ತು ಕಿಲೋ ತೋರಿಸಿದರೆ ಸಮಾಧಾನ. ಅರವತ್ತೆರಡಾದರೆ ಅಂದು ಜೋಳದ ಕಡುಬು ತಮಾಲೆಯನ್ನು ಮುಟ್ಟುತ್ತಿರಲಿಲ್ಲ; ಐವತ್ತೆಂಟಾದರೆ ಎರಡು ಹೆಚ್ಚಿಗೆ ತಿನ್ನುತ್ತಿದ್ದಳು. ಬೆಟ್ಟದೂರು ತಾಸ್ಕೊದ ಹೆಂಗಸರು ಇದನ್ನು ಚೆಲುವಿನ ಹುಚ್ಚು ಎಂದುಕೊಂಡಿದ್ದರು. ಅದು ಚೆಲುವಿಗಲ್ಲ, ಸೇಡಿಗೆ.

ಅವಳು ಮೊದಲು ಹೆಂಗಸರ ಉಗುರಿಗೆ ಬಣ್ಣ ಹಚ್ಚಿ ಬದುಕುತ್ತಿದ್ದವಳು. ಗಂಡ ನಿಕಾಂದ್ರೊ ಬಿಳಿಯ ವೋಚೊ ಟ್ಯಾಕ್ಸಿ ಓಡಿಸುತ್ತಿದ್ದ. ದುಂಡು ಬೆನ್ನಿನ ಆ ಪುಟ್ಟ ಕಾರಲ್ಲದೆ ಬೇರಾವುದೂ ಅಲ್ಲಿಯ ಓಣಿಗಳ ಏರಿಗೆ ಒಗ್ಗುವುದಿಲ್ಲ. ಆ ಕಾರುಗಳ ರಿಪೇರಿಯೆಲ್ಲ ಫಿಲಿಬೆರ್ತೊ ಮೇಸ್ತ್ರಿಯದು. ಇವರ ಮಗಳ ಜ್ಞಾನಸ್ನಾನದ ದಿನ ಧರ್ಮತಂದೆಯಾಗಿ ನಿಂತವನೂ ಅವನೇ. ಅಂದಿನಿಂದ ಅವನು ಇವರಿಗೆ ‘ಕೊಂಪಾದ್ರೆ’; ಅವನಿಗೆ ನಿಕಾಂದ್ರೊನೂ ‘ಕೊಂಪಾದ್ರೆ’, ಇವಳು ‘ಕೊಮಾದ್ರೆ’. ಒಡಹುಟ್ಟಿದವರಿಗಿಂತ ಹತ್ತಿರದ ನಂಟು.

ಆ ನಂಟು ಒಂದು ಮಧ್ಯಾಹ್ನ ಇಳಿಜಾರಿನಲ್ಲಿ ಮುರಿಯಿತು. ಮೇಸ್ತ್ರಿ ರಿಪೇರಿ ಮಾಡಿಕೊಟ್ಟು ಮೂರು ತಿಂಗಳಾಗಿತ್ತು. ನಿಕಾಂದ್ರೊನ ಕಾರಿನ ಹಿಂದಿನ ಗಾಲಿ ಬ್ರೇಕಿನ ಡ್ರಮ್ಮಿನ ಸಮೇತ ಕಳಚಿಕೊಂಡು, ಕಾರಿಗಿಂತ ಮುಂದಾಗಿ ಕಲ್ಲುಹಾಸಿನ ಮೇಲೆ ಉರುಳಿಹೋಯಿತು. ಕಾರು ಗೋಡೆಗೆ ಬಡಿಯಿತು. ಅವನ ಮೊಣಕಾಲು ಪುಡಿಯಾಯಿತು.

ಟ್ಯಾಕ್ಸಿಯವರ ಸಂಘದ ಸಭೆಯಲ್ಲಿ ಫಿಲಿಬೆರ್ತೊ ಎದ್ದು ನಿಂತ. “ಗಾಲಿಯ ನಟ್ಟು ಕಳಚದ ಹಾಗೆ ಪಿನ್ನು ಹಾಕಿದ್ದು ನಾನೇ, ಈ ಕೈಯಲ್ಲೇ. ಕೊಂಪಾದ್ರೆ ಮೆಸ್ಕಲ್ ಏರಿಸ್ಕೊಂಡು ಗಾಲಿ ಬಿಚ್ಚಿ ಏನೋ ಆಟ ಆಡಿರ್ಬೇಕು. ದುಃಖ ಆಗುತ್ತೆ, ಆದ್ರೆ ಸುಳ್ಳು ಹೇಳೋಕಾಗುತ್ತಾ?”

ಸಭೆ ನಂಬಿತು. ನಿಕಾಂದ್ರೊನ ಟ್ಯಾಕ್ಸಿಯ ನಲವತ್ತೊಂದನೆಯ ನಂಬರು ಬೇರೆಯವನ ಪಾಲಾಯಿತು. ಅವನಿಗೆ ಉಳಿದದ್ದು ‘ಕುಡುಕ’ ಎಂಬ ಹೆಸರು. ಮೆಸ್ಕಲ್ ಮೂಸಿದರೇ ಸೀನುತ್ತಿದ್ದ ಮನುಷ್ಯ ಅವನು!

ಇದೇ ಜನರ ಮುಂದೆ, ಇದೇ ಬಾಯಿಂದ ನಿಜ ಹೊರಡಬೇಕು ಎಂದು ಒಬ್ದೂಲಿಯಾ ಅಂದೇ ನಿಶ್ಚಯಿಸಿದಳು. ಮತ್ತೆಂದೂ ಅವನನ್ನು ಕೊಂಪಾದ್ರೆ ಎನ್ನಲಿಲ್ಲ.

ಕಳಚಿದ ಡ್ರಮ್ಮನ್ನು ಶಾಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ, ಇಗ್ವಾಲಾದಲ್ಲಿದ್ದ ಮುದುಕ ಮೆಕ್ಯಾನಿಕ್ ತ್ರಾಂಕಿಲೀನೊನ ಬಳಿಗೆ ಹೋದಳು. ಅವನು ಡ್ರಮ್ಮಿನ ನಡುವಿನ ತೂತಿನೊಳಗೆ ಬೆರಳಾಡಿಸಿದ.

“ನೋಡವ್ವ, ಅಚ್ಚನ್ನ ಕಚ್ಚಿ ಹಿಡಿಯೋ ಹಲ್ಲು ಒಂದೂ ಉಳಿದಿಲ್ಲ, ನನ್ನ ಬಾಯಿ ಥರಾನೇ. ಇದು ಒಂದು ದಿನದಲ್ಲಿ ಸವೆಯೋದಲ್ಲ. ನಟ್ಟು ಬಿಗಿದಾಗ ಪಿನ್ನು ತೂರಿಸೋಕೆ ಅದರ ತೂತೂ ಅಚ್ಚಿನ ತೂತೂ ನೇರಕ್ಕೆ ಬಂದಿಲ್ಲ. ನಿಮ್ಮ ಮೇಸ್ತ್ರಿ ಸೋಮಾರಿ. ನಟ್ಟನ್ನ ಹಿಂದಕ್ಕೆ ತಿರುಗಿಸಿ ತೂತು ಕೂಡಿಸ್ಕೊಂಡಿದಾನೆ.”

“ಪಿನ್ನು ಇತ್ತಲ್ಲ ತಾತ?”

“ಪಿನ್ನು ಬರೀ ಕಾವಲುಗಾರ. ಹಿಡಿತ ಇರೋದು ನಟ್ಟಿನ ಬಿಗಿಯಲ್ಲಿ. ಚೂರು ಹಿಂದಕ್ಕೆ ಬಂದ್ರೂ ಡ್ರಮ್ಮು ಅಲ್ಲಾಡುತ್ತೆ, ಹಲ್ಲು ತಿನ್ನುತ್ತೆ, ಕೊನೆಗೆ ಪಿನ್ನನ್ನೂ ಕತ್ತರಿಸುತ್ತೆ. ತೂತು ಸಿಗದಿದ್ರೆ ಮುಂದಕ್ಕೇ ಬಿಗೀಬೇಕು. ನಡ ಮುರಿದ್ರೂ ಮುಂದಕ್ಕೇ.”

ಎಷ್ಟು ಬಿಗಿಯಬೇಕೆಂಬುದಕ್ಕೂ ಅವನ ಬಳಿ ಲೆಕ್ಕವಿತ್ತು. ನಟ್ಟು ತಿರುಗಿಸುವ ಪಾನಕ್ಕೆ ಉದ್ದನೆಯ ಪೈಪು ಸಿಕ್ಕಿಸಬೇಕು. ನಟ್ಟಿನಿಂದ ಅರ್ಧ ಮೀಟರು ದೂರದಲ್ಲಿ ಆ ಪೈಪಿನ ಮೇಲೆ ಅರವತ್ತು ಕಿಲೋ ತೂಗುವವರು ನಿಲ್ಲಬೇಕು.

“ನೀನೆಷ್ಟು ತೂಗ್ತೀಯ?”

“ಹೆಂಗಸ್ರನ್ನ ಹಾಗೆಲ್ಲ ಕೇಳ್ತಾರಾ ತಾತ? ಎಪ್ಪತ್ತೊಂದು.”

“ಹಾಗಾದ್ರೆ ಹನ್ನೊಂದು ಇಳಿಸ್ಕೊಂಡು ಬಾ, ಕಲಿಸ್ತೀನಿ.”

ಇಳಿಸಿಕೊಂಡು ಹೋದಳು. ಎರಡು ವರ್ಷ ಕಲಿತಳು. ಆಮೇಲೆ ತನ್ನ ಮನೆಯ ಮುಂದೆಯೇ ತಗಡಿನ ಚಪ್ಪರ ಹಾಕಿ, ಅಚ್ಚಿನ ಕೆಲಸ ಮಾತ್ರ ಮಾಡಿಕೊಡುತ್ತೇನೆಂದು ಕುಳಿತಳು. ಊರಿನ ನಲವತ್ತೊಂದು ಟ್ಯಾಕ್ಸಿಗಳಲ್ಲಿ ಅವಳಲ್ಲಿಗೆ ಬಂದವು ಒಂಬತ್ತು. ಉಳಿದವರೆಲ್ಲ ಮೇಸ್ತ್ರಿಯ ಕಡೆಯವರೇ. “ಕುಡುಕನ ಹೆಂಡತಿ ಪೈಪಿನ ಮೇಲೆ ಕುಣೀತಾಳಂತೆ” ಎಂದು ನಗುತ್ತಿದ್ದರು. ನಿಮ್ಮ ನಟ್ಟುಗಳೂ ಸಡಿಲ ಎಂದು ಅವಳು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಗಾಲಿ ಕಳಚಿದ ಆರನೆಯ ವರ್ಷ ಜುಲೈ ಬಂತು. ಚಾಲಕರ ಸಂತ ಕ್ರಿಸ್ತೋಬಲನ ದಿನ ಟ್ಯಾಕ್ಸಿಗಳೆಲ್ಲ ಹೂವು ಮುಡಿದು ಸಾಲಾಗಿ ನಿಲ್ಲುತ್ತವೆ, ಪಾದ್ರಿಗಳು ಬಂದು ಮಂತ್ರಜಲ ಚಿಮುಕಿಸುತ್ತಾರೆ. ಅದಕ್ಕೆ ಎರಡು ವಾರ ಮುಂಚೆ ಒಬ್ದೂಲಿಯಾ ಕೆಂಪು ಉಗುರುಬಣ್ಣದ ಸೀಸೆ ಹಿಡಿದು ನಿಲ್ದಾಣಕ್ಕೆ ಬಂದಳು.

“ಹಬ್ಬಕ್ಕೆ ಗಾಲಿಗೊಂದು ಸಿಂಗಾರ, ಪುಕ್ಕಟೆ. ನಿಲ್ಲಿಸ್ರಪ್ಪ.”

ಪುಕ್ಕಟೆ ಎಂದರೆ ಯಾರು ಬೇಡವೆನ್ನುತ್ತಾರೆ? ಹಿಂದಿನ ಗಾಲಿಯ ಮುಚ್ಚಳ ತೆಗೆದು, ನಟ್ಟಿನ ಮೇಲಿಂದ ಡ್ರಮ್ಮಿನವರೆಗೆ ಒಂದು ನೇರ ಗೆರೆ ಎಳೆದು, ಮುಚ್ಚಳ ಹಾಕುತ್ತ ಹೋದಳು. ಫಿಲಿಬೆರ್ತೊ ತನ್ನ ವೋಚೊವನ್ನೂ ತಂದು ನಿಲ್ಲಿಸಿದ.

“ಕೊಮಾದ್ರೆ, ನಂದಕ್ಕೂ ಹಚ್ಚು. ಆಮೇಲೆ ನನ್ನ ಕಾಲುಗುರಿಗೂ ಹಚ್ತೀಯಾ?”

ಜನ ಹೊಟ್ಟೆ ಹಿಡಿದು ನಕ್ಕರು. ಅವಳು ಗೆರೆ ಎಳೆದು, ಬಾಯಿಂದ ಊದಿ, “ಒಣಗೋವರೆಗೆ ಮುಟ್ಬೇಡಿ ಮೇಸ್ತ್ರಿ” ಎಂದಳಷ್ಟೆ.

ಹಬ್ಬದ ದಿನ ಪಾದ್ರಿಗಳು ಬರುವ ಮುನ್ನ ಅವಳು ಸಂಘದ ಅಧ್ಯಕ್ಷನ ಎದುರು ನಿಂತಳು. “ಮುಚ್ಚಳ ತೆಗೆಸಿ. ನಟ್ಟೂ ಡ್ರಮ್ಮೂ ಒಂದಾಗಿದ್ರೆ ಗೆರೆ ಒಂದೇ ಇರುತ್ತೆ. ಸಡಿಲವಾಗಿದ್ರೆ ಡ್ರಮ್ಮು ಜರುಗಿ ಎರಡಾಗಿರುತ್ತೆ. ನೀವೇ ನೋಡಿ.”

ಮುಚ್ಚಳಗಳು ಕಳಚಿ ಬಂದವು. ಅವಳು ಬಿಗಿದ ಒಂಬತ್ತರಲ್ಲೂ ಗೆರೆ ನೆಟ್ಟಗಿತ್ತು. ಮೇಸ್ತ್ರಿ ಬಿಗಿದ ಮೂವತ್ತೆರಡು ಟ್ಯಾಕ್ಸಿಗಳಲ್ಲಿ ಹದಿನಾರರ ಗೆರೆ ಒಡೆದಿತ್ತು. ಗೆರೆಯ ಒಂದು ತುಂಡು ಇಲ್ಲಿ, ಇನ್ನೊಂದು ಬೆರಳಗಲ ಆಚೆ. ಚಾಲಕರ ನಗು ನಿಂತುಹೋಯಿತು. ಒಬ್ಬ ತನ್ನ ಗಾಲಿಯ ಮುಂದೆ ಬಗ್ಗಿ, ಎರಡು ತುಂಡುಗಳ ನಡುವೆ ಬೆರಳಿಟ್ಟು ಅಳೆದ. ಜೀವದ ಪ್ರಶ್ನೆ, ಆ ಎರಡು ವಾರ ಅವಳು ಬಾಯಿ ಬಿಡದೆ ಇರಬಾರದಿತ್ತು ಎಂದು ಈಗಲೂ ಕೆಲವರು ಹೇಳುವುದುಂಟು. ಅದಕ್ಕೂ ಮುಂಚೆ ವರ್ಷಗಟ್ಟಲೆ ಬಾಯಿ ಬಿಟ್ಟಾಗ ಯಾರೂ ಕೇಳಿರಲಿಲ್ಲವಲ್ಲ.

ಒಡೆದ ಹದಿನೇಳನೆಯದು ಫಿಲಿಬೆರ್ತೊನ ಸ್ವಂತ ಕಾರು. ಒಬ್ದೂಲಿಯಾ ಶಾಲು ಬಿಚ್ಚಿ, ಹಲ್ಲುದುರಿದ ಡ್ರಮ್ಮನ್ನು ಅದರ ಮೂತಿಯ ಮೇಲಿಟ್ಟಳು.

“ಹೇಳಿ ಮೇಸ್ತ್ರಿ.”

“ಎಲ್ಲಾರೂ ಮಾಡ್ತಾರೆ ಕೊಮಾದ್ರೆ... ತೂತು ಸಿಗಲಿಲ್ಲ, ಒಂಚೂರು ಹಿಂದಕ್ಕೆ...”

“ಯಾವ ಕಾರಿಂದು?”

“ನಲವತ್ತೊಂದರದು.”

“ಜೋರಾಗಿ. ನನ್ನ ಗಂಡ ಆ ಮೆಟ್ಟಿಲ ಮೇಲೆ ಕೂತಿದಾನೆ. ಅವನಿಗೆ ಕೇಳಿಸ್ಬೇಕು.”

“ಕೊಂಪಾದ್ರೆ ಕುಡಿದಿರಲಿಲ್ಲ!” ಎಂದು ಫಿಲಿಬೆರ್ತೊ ಕೂಗಿದ. “ತಪ್ಪು ನಂದು!”

ಮೆಟ್ಟಿಲ ಮೇಲೆ ನಿಕಾಂದ್ರೊ ಟೋಪಿ ತೆಗೆದು ಮುಖ ಮುಚ್ಚಿಕೊಂಡ. ಅಧ್ಯಕ್ಷ ಅಲ್ಲೇ, ಎಲ್ಲರೆದುರು, ನಲವತ್ತೊಂದನೆಯ ನಂಬರು ಅವರಿಗೇ ಮರಳಿತೆಂದ. ಆದರೆ ಒಬ್ದೂಲಿಯಾಗೆ ಇನ್ನೂ ಸಾಲದಾಗಿತ್ತು. ಅವಳು ಪೈಪು ತರಿಸಿ, ಮೇಸ್ತ್ರಿಯ ಕಾರಿನ ಪಿನ್ನು ಕಿತ್ತು, ಪಾನವನ್ನು ಅವನ ಕೈಗೇ ಕೊಟ್ಟಳು. ಅವನು ಬಿಗಿದ. ತೂತು ನೇರಕ್ಕೆ ಬರಲಿಲ್ಲ. ಮೂವತ್ತು ವರ್ಷದ ಅಭ್ಯಾಸ. ಕೈ ತಾನಾಗಿ ಹಿಂದಕ್ಕೆ ವಾಲಿತು.

“ಮುಂದಕ್ಕೆ” ಎಂದಳು ಒಬ್ದೂಲಿಯಾ.

ಅವನು ಎಳೆದ. ಕುತ್ತಿಗೆಯ ನರ ಉಬ್ಬಿತು.

“ಇನ್ನೂ ಮುಂದಕ್ಕೆ.”

ಊರೆಲ್ಲ ನೋಡುತ್ತಿತ್ತು. ಬೆವರು ಅವನ ಮೂಗಿನ ತುದಿಯಿಂದ ತೊಟ್ಟಿಕ್ಕಿತು. ಕೊನೆಗೆ ತೂತು ಕೂಡಿತು, ಪಿನ್ನು ಒಳಗೆ ಹೋಯಿತು. ಒಬ್ದೂಲಿಯಾ ಬಗ್ಗಿ ಹಳೆಯ ಗೆರೆ ಒರೆಸಿ, ಹೊಸದನ್ನು ಎಳೆದಳು.

“ಇನ್ನಾದ್ರೂ ಕ್ಷಮಿಸು ಕೊಮಾದ್ರೆ” ಎಂದು ಅವನು ಮೆಲ್ಲನೆ ಅಂದ.

ಅವಳು ಸೀಸೆಯ ಮುಚ್ಚಳ ತಿರುಗಿಸಿದಳು.

“ಒಣಗೋವರೆಗೆ ಮುಟ್ಬೇಡಿ ಮೇಸ್ತ್ರಿ.”