ಕಣ್ಣೀರಿಲ್ಲದ ಮುಖಪುಟ

ಆ ಕಾದಂಬರಿಯ ಮುಖಪುಟದಲ್ಲಿ ಒಂದು ಬಿಳಿ ಕುದುರೆ ಇತ್ತು. ಒಳಗೆ ಇದ್ದದ್ದು ಒಬ್ಬ ಪೋಸ್ಟ್ ಮಾಸ್ತರ, ಅವನ ಹೆಂಡತಿ, ಅವಳ ಉಬ್ಬಸ. ಕುದುರೆ ಈಗ ಬಂದೀತು, ಆಗ ಬಂದೀತು ಎಂದು ಕಾದೆ. ಮಾಸ್ತರರು ರಿಟೈರ್ ಆದರು, ಕುದುರೆ ಬರಲಿಲ್ಲ. ನನಗೆ ಎಂಥ ಸಿಟ್ಟು ಬಂತೆಂದರೆ ಪುಸ್ತಕವನ್ನು ಸೋಫಾದ ಮೇಲೆ ಒಗೆದು ಕಿಟಕಿಯ ಹತ್ತಿರ ಹೋಗಿ ನಿಂತೆ. ಅಮೆರಿಕದ ವಾರೆನ್‌ನ ಆ ಅಪಾರ್ಟ್‌ಮೆಂಟಿನಲ್ಲಿ ಸಿಟ್ಟು ಬಂದರೂ ಬೇಜಾರಾದರೂ ಹೋಗುವುದಕ್ಕೆ ನನಗಿದ್ದ ಜಾಗ ಅದೊಂದೇ.

ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ಗಂಡ ಒಂದು ಕಾರು ಕಂಪನಿಯಲ್ಲಿ ಕಾರಿನ ಬಾಗಿಲ ಹಿಡಿಕೆಗಳ ನಕ್ಷೆ ಬರೆಯುತ್ತಿದ್ದರು. ನನಗೆ ಕೆಲಸಕ್ಕೆ ವೀಸಾ ಇರಲಿಲ್ಲ, ಕಾರು ಓಡಿಸಲು ಬರುತ್ತಿರಲಿಲ್ಲ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಕಿಟಕಿಯಿಂದ ಒಲೆಗೆ, ಒಲೆಯಿಂದ ಬಾಗಿಲಿಗೆ, ಬಾಗಿಲಿಂದ ಮತ್ತೆ ಕಿಟಕಿಗೆ. ಮೈಸೂರಿನಿಂದ ಹಡಗಿನಲ್ಲಿ ತಿಂಗಳುಗಟ್ಟಲೆ ಪ್ರಯಾಣ ಮಾಡಿ ಬರುವ ಪುಸ್ತಕಗಳೇ ಗತಿಯಾಗಿದ್ದವು. ಬಂದ ಪುಸ್ತಕದ ಮೇಲೆ ಇಂಥ ಕುದುರೆ ಇದ್ದರೆ ಯಾರಿಗೆ ಹೇಳಬೇಕು?

ಕಾರಿನಲ್ಲಿ ಐದಾರು ಗಂಟೆ ದೂರದ ಡೆಸ್ ಪ್ಲೇನ್ಸ್‌ನಲ್ಲಿ ಹೇಳುತ್ತಿದ್ದೆ. ಲಾಂಗ್ ವೀಕೆಂಡ್ ಸಿಕ್ಕಿತೆಂದರೆ ನಾವು ಅಲ್ಲಿಗೆ ಹೊರಡುತ್ತಿದ್ದೆವು. ಧಾರವಾಡದ ಡಾಕ್ಟರ್ ದಂಪತಿಯ ಮನೆ, ಅವರ ಬೇಸ್‌ಮೆಂಟಿನಲ್ಲಿ ಕನ್ನಡ ಪುಸ್ತಕಗಳ ಒಂದು ಟ್ರಂಕು. ಊಟವಾದ ಮೇಲೆ ಆಟ ಶುರು: ಒಬ್ಬರು ಪುಸ್ತಕ ಎತ್ತಿ ಹಿಡಿಯಬೇಕು, ಓದದವರು ಮುಖಪುಟ ನೋಡಿ ಕಥೆ ಹೇಳಬೇಕು, ಓದಿದವರು ತೀರ್ಪು ಕೊಡಬೇಕು. ತೀರ್ಪಿನ ಕೆಲಸ ಹೇಗೋ ನನಗೇ ಅಂಟಿಕೊಂಡಿತ್ತು. ಹತ್ತಿರದ ಏರ್‌ಪೋರ್ಟಿನ ವಿಮಾನ ಮಾಳಿಗೆಯ ಮೇಲೆ ಹಾದಾಗಲೆಲ್ಲ ತೀರ್ಪು ಅರ್ಧಕ್ಕೆ ನಿಲ್ಲುತ್ತಿತ್ತು.

ನಲವತ್ತು ದಾಟಿದ ಶಾಲಾ ಮೇಡಂ ಕಥೆಗೆ ಕೊಡ ಹೊತ್ತ ಹದಿಹರೆಯದ ಹುಡುಗಿ. ಎತ್ತು ಏರಿಗೆ, ಕೋಣ ನೀರಿಗೆ. ಅಗ್ಗದ ಪ್ರೆಸ್ಸುಗಳಲ್ಲಿ ಬಣ್ಣದ ಅಚ್ಚುಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ, ಹಾಗಾಗಿ ನಾಯಕಿಯ ತುಟಿಯ ಕೆಂಪು ಗಲ್ಲಕ್ಕೆ ಇಳಿದು, ಕುಂಕುಮ ಹುಬ್ಬಿನ ಮೇಲೆ ಹೋಗಿ ಕೂತಿರುತ್ತಿತ್ತು. ಒಬ್ಬ ಪ್ರಕಾಶಕರಂತೂ ಯಾವ ಪುಸ್ತಕವಾಗಲಿ, ಎಡಗೆನ್ನೆಯ ಮೇಲೆ ಒಂದು ಹನಿ ಕಣ್ಣೀರಿರುವ ಅದೇ ಹೆಂಗಸನ್ನು ಹಾಕಿಸುತ್ತಿದ್ದರು. ಅವರ ಅಡುಗೆ ಪುಸ್ತಕಕ್ಕೂ ಅವಳೇ.

"ಈಕಿ ಯಾಕ ಅಳಾಕತ್ತಾಳ್ರೀ?" ಎಂದು ಯಾರೋ ಕೇಳಿದರೆ ಡಾಕ್ಟರಮ್ಮ, "ಉಳ್ಳಾಗಡ್ಡಿ ಹೆಚ್ಚಾಕತ್ತಿರಬೇಕು ತಗೋರಿ" ಎಂದರು.

ನನ್ನ ತೀರ್ಪು ಮಾತ್ರ ಯಾವಾಗಲೂ ಒಂದೇ: ಚಿತ್ರ ಬರೆದವನು ಪುಸ್ತಕ ಓದಿಲ್ಲ.

ಓದುವುದರ ನಡುವೆ ನಾನೂ ಅಲ್ಲಿನ ಬದುಕಿನ ಕಥೆಗಳನ್ನು ಬರೆಯುತ್ತಿದ್ದೆ. ಆ ಸಂಕಲನವನ್ನು ಕೊನೆಗೆ ಒಪ್ಪಿಕೊಂಡವರು ಅದೇ ಕಣ್ಣೀರಿನ ಪ್ರಕಾಶಕರು. ನನ್ನ ಮೊದಲ ಪುಸ್ತಕ. ನಮ್ಮ ಕಲಾವಿದರು ಹಿಮ ಕಂಡವರಲ್ಲ, ನೀವೇ ಅಲ್ಲಿಂದ ಒಂದು ಚಿತ್ರ ಕಳಿಸಿ, ಕಪ್ಪು ಕೆಂಪು ಎರಡೇ ಬಣ್ಣ, ಈ ತಿಂಗಳೊಳಗೆ ಅಲ್ಲಿಂದ ಹೊರಡದಿದ್ದರೆ ನಾವೇ ಬರೆಸಿಬಿಡುತ್ತೇವೆ ಎಂದು ತಿಳಿಸಿದರು. ಅವರೇ ಬರೆಸಿದರೆ ಮತ್ತೆ ಆ ಕಣ್ಣೀರಿನ ಹೆಂಗಸೇ. ನನ್ನ ಕಥೆಗಳಲ್ಲಿ ಯಾರೂ ಅಳುವುದಿಲ್ಲ. ಸಿಡುಕುತ್ತಾರೆ, ಜಗಳ ಕಾಯುತ್ತಾರೆ, ಸಾರು ಸೀಯಿಸುತ್ತಾರೆ. ಆ ಹನಿಯೊಂದು ಮೇಲೆ ಬಿದ್ದರೆ ಸಾಕು, ಪಾಪ, ಅಮೆರಿಕದಲ್ಲಿ ಅಳುತ್ತಾ ಕೂತಿದ್ದಾಳಂತೆ ಎಂದು ಊರೆಲ್ಲ ಲೊಚಗುಟ್ಟುತ್ತದೆ. ಅದೊಂದನ್ನು ನನ್ನಿಂದ ಸಹಿಸಲು ಆಗುತ್ತಿರಲಿಲ್ಲ.

"ನಾನೇ ಡ್ರಾ ಮಾಡ್ಕೊಡ್ತೀನಿ ಬಿಡು" ಎಂದರು ಗಂಡ.

ಅವರು ನನ್ನ ಒಂದು ಕಥೆಯನ್ನೂ ಓದಿದವರಲ್ಲ. ಕಥೆ ಗಿಥೆ ತಲೆಗೆ ಹತ್ತಲ್ಲ ಎನ್ನುವವರು. ಬೇರೆ ದಾರಿಯಿಲ್ಲದೆ ಹೂಂ ಎಂದೆ. ಸಂಜೆ ಆಫೀಸಿನಿಂದ ಬಂದವರು ಊಟದ ಮೇಜಿನ ಮೇಲೆ ಕಾಗದ ಹರಡುತ್ತಿದ್ದರು, ನಾನು ಹತ್ತಿರ ಹೋದರೆ ಅದರ ಮೇಲೆ ಪೇಪರ್ ಮುಚ್ಚುತ್ತಿದ್ದರು. ನಾನು ಏನಾದರೊಂದು ನೆಪ ಮಾಡಿ ಹತ್ತಿರ ಹೋಗುತ್ತಲೇ ಇದ್ದೆ. ತಿಂಗಳು ಮುಗಿಯುತ್ತಾ ಬಂದಿತ್ತು.

ಕೊನೆಗೆ ತೋರಿಸಿದರು. ನಮ್ಮ ಅಡುಗೆಮನೆ. ಕಿಟಕಿಯ ಮುಂದೆ ಸೀರೆಯುಟ್ಟ ಹೆಂಗಸು, ಮೂರು ಸಲ: ಬೆನ್ನ ಕಡೆಯಿಂದ, ಪಕ್ಕದಿಂದ, ಮೇಲಿನಿಂದ. ಬಾಣದ ಗೆರೆಗಳಲ್ಲಿ ಅಳತೆ. ಮೂಲೆಯಲ್ಲಿ ಇಷ್ಟು ಇಂಚಿಗೆ ಇಷ್ಟು ಅಡಿ ಎಂಬ ಸ್ಕೇಲು ಬೇರೆ. ಮೇಲಿನಿಂದ ನೋಡಿದ ತಲೆಯಂತೂ ಬೈತಲೆ ತೆಗೆದ ತೆಂಗಿನಕಾಯಿ.

"ಇದೇನು ಮುಖಪುಟಾನೋ, ಫ್ಯಾಕ್ಟರಿಗೆ ಕಳಿಸೋ ಆರ್ಡರೋ?" ಎಂದೆ. "ಪ್ರೆಸ್ಸಿನವರು ಇದನ್ನ ನೋಡಿ ನನ್ನದೇ ಇನ್ನೊಂದು ಪೀಸ್ ಮಾಡಿ ಕಳಿಸಿಬಿಟ್ಟಾರು. ಪುಸ್ತಕ ಓದದೇ ಬರೆದ್ರೆ ಹೀಗೇ ಆಗೋದು."

"ಓದಿಲ್ಲ, ನಿಜ" ಎಂದರು.

ಮೇಲಿನಿಂದ ನೋಡಿದ ಚಿತ್ರದಲ್ಲಿ ನೆಲದ ಮೇಲೆ ಕೆಂಪು ಚುಕ್ಕಿಗಳ ಒಂದು ಗೆರೆ ಸುತ್ತು ಹಾಕಿತ್ತು. ಇದೇನು ಎಂದು ಕೇಳಿದೆ.

"ನೀನು ಓಡಾಡೋ ದಾರಿ. ಕಿಟಕಿ, ಒಲೆ, ಬಾಗಿಲು. ಬಾಗಿಲ ತನಕ ಹೋಗ್ತೀಯ, ಹಿಡಿಕೆ ಮುಟ್ತೀಯ, ವಾಪಸ್ ಬರ್ತೀಯ. ಒಳಗೆ ಇದ್ದೂ ಹೊರಗಡೆಗೆ ಕಾಣದೇ ಇರೋದನ್ನ ನಮ್ಮ ಡ್ರಾಯಿಂಗಲ್ಲಿ ಚುಕ್ಕೀಲೇ ತೋರಿಸೋದು."

ಹಿಡಿಕೆ ಮುಟ್ಟುತ್ತೇನೆಂದು ನನಗೇ ಗೊತ್ತಿರಲಿಲ್ಲ. ನಾಚಿಕೆಯಾಯಿತು, ಸಂತೋಷವಾಯಿತು, ಅದರ ಹಿಂದೆಯೇ ಸಿಟ್ಟೂ ಬಂತು.

"ಇಷ್ಟೆಲ್ಲ ನೋಡ್ತಿದ್ದೋರು, ಏನಾಗಿದೆ ನಿಂಗೆ ಅಂತ ಒಂದು ಮಾತು ಕೇಳಬಾರದಾಗಿತ್ತಾ?"

ಅವರು ಪೆನ್ಸಿಲ್ ಕೆತ್ತುತ್ತಾ ಕೂತರು. ಮಾರನೇ ದಿನ ಚಿತ್ರ ಏರ್‌ಮೇಲಿನಲ್ಲಿ ಹೋಯಿತು.

ಪುಸ್ತಕದ ಕಟ್ಟು ಬಂದದ್ದು ಮುಂದಿನ ಚಳಿಗಾಲಕ್ಕೆ. ದಾರ ಕತ್ತರಿಸಿದವರೂ ಮೊದಲ ಪ್ರತಿ ಎತ್ತಿಕೊಂಡವರೂ ಅವರೇ. ನೋಡುತ್ತಿದ್ದಂತೆ ಮುಖ ಸಣ್ಣಗಾಯಿತು. ಒಳಗೆ ಹೋಗಿ ಸ್ಕೇಲು ತಂದು ಅಳೆದರು.

"ಎಲ್ಲ ಹಾಳು ಮಾಡಿದಾರೆ. ಕೆಂಪು ಜರುಗಿಬಿಟ್ಟಿದೆ ನೋಡು. ಗೆರೆ ಬಾಗಿಲು ದಾಟಿ ಆಚೆ ಹೋಗಿದೆ."

ನೋಡಿದೆ. ತುಟಿಯ ಕೆಂಪನ್ನು ಗಲ್ಲಕ್ಕಿಳಿಸುವ ಅದೇ ಪ್ರೆಸ್ಸು ನನ್ನ ದಾರಿಯನ್ನೂ ಪಕ್ಕಕ್ಕೆ ತಳ್ಳಿತ್ತು. ಚುಕ್ಕಿಗಳು ಬಾಗಿಲ ಆಚೆ ಹೋಗಿ ತಿರುಗಿದ್ದವು. ಎಷ್ಟೋ ಮುಖಪುಟಗಳಿಗೆ ತೀರ್ಪು ಕೊಟ್ಟವಳು ಈ ಗೆರೆಯ ಮೇಲೆ ಬೆರಳಿಟ್ಟು ಬಾಗಿಲ ಆಚೆಯವರೆಗೂ ಎಳೆದೆ.

"ಅವರಿಗೆ ಬರೀತೀನಿ. ಮುಂದಿನ ಸಲ ಪ್ರಿಂಟ್ ಮಾಡುವಾಗ ತಿದ್ದಲಿ."

"ಯಾರೂ ಏನೂ ತಿದ್ದೋದು ಬೇಡ" ಎಂದೆ. "ಕಾರಿನ ಕೀ ಎಲ್ಲಿ?"

"ಯಾಕೆ? ನಿಂಗೆ ಡ್ರೈವ್ ಮಾಡೋಕೆ ಬರಲ್ಲ."

"ಕಲಿಸಿ."

"ಇವತ್ತಾ? ಆಚೆ ಐಸ್ ಇದೆ."

ನಾನು ಕೋಟು ಹಾಕಿಕೊಂಡೆ. ಅವರು ಸ್ಕೇಲು ಕೆಳಗಿಟ್ಟು ಬೂಟು ಹುಡುಕತೊಡಗಿದರು. ಅಷ್ಟರಲ್ಲಿ ನಾನು ಹಿಡಿಕೆ ತಿರುಗಿಸಿಯಾಗಿತ್ತು.