ಪಟ್ಟಿಗೆ ಹಾಕಿದ ದ್ವೀಪ

ನಮ್ಮ ತಾರಸಿಯ ಮೇಲಿನ ತಂತಿ ನೋಡಿ, ಬಟ್ಟೆ ಒಣಹಾಕೋಕೆ ಇಷ್ಟೆತ್ತರ ಯಾಕೆ ಎಂದು ಕೊರಟಗೆರೆಯಲ್ಲಿ ಕೇಳದವರಿಲ್ಲ. ಅದು ನನ್ನ ರೇಡಿಯೋದ ಆಂಟೆನಾ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ರಜೆಯ ದಿನ ಹ್ಯಾಮ್ ರೇಡಿಯೋ ಮುಂದೆ ಕೂತು, ಮೈಕು ಹಿಡಿದು, ಕಂಡು ಕೇಳದ ದೇಶದವರನ್ನು ಕೂಗಿ ಮಾತಾಡಿಸುತ್ತೇನೆ. ಹುಚ್ಚು ಅಂದರೆ ಹುಚ್ಚೇ. ಅದನ್ನು ಹತ್ತಿಸಿದವರು ಮಧುಗಿರಿಯ ನಿವೃತ್ತ ಮೇಷ್ಟ್ರು.

ನಮ್ಮಂಥವರಿಗೆಂದೇ ಇಂಟರ್ನೆಟ್ಟಿನಲ್ಲಿ ಒಂದು ಪಟ್ಟಿ ಇದೆ. ದೂರದ, ಅಪರೂಪದ ಸ್ಟೇಷನ್ ಯಾರ ಕಿವಿಗೆ ಬಿದ್ದರೂ ಅದು ಯಾವುದು, ಯಾವ ಫ್ರೀಕ್ವೆನ್ಸಿಯಲ್ಲಿದೆ ಎಂದು ಆ ಕ್ಷಣವೇ ಅಲ್ಲಿ ಹಾಕಬೇಕು. ಪ್ರಪಂಚದ ಹ್ಯಾಮ್‌ಗಳೆಲ್ಲ ಅದನ್ನೇ ನೋಡುತ್ತಿರುತ್ತಾರೆ. “ಕೇಳ್ಸಿದ್ದನ್ನ ಮುಚ್ಚಿಟ್ಕೋಬಾರ್ದು ಕಣಮ್ಮ” ಎಂಬುದು ಮೇಷ್ಟ್ರ ಮೊದಲ ಪಾಠ. ಎರಡನೆಯದು ನಮ್ಮ ಸುತ್ತಿನ ತಾಲ್ಲೂಕುಗಳವರೇ ಮಾಡಿಕೊಂಡ ಕಟ್ಟುಪಾಡು: ಹತ್ತಿರದವರೊಬ್ಬರು ಕೂಗುತ್ತಿದ್ದರೆ ಉಳಿದವರು ಸುಮ್ಮನಿರಬೇಕು. ಒಟ್ಟಿಗೆ ಕೂಗಿದರೆ ಒಬ್ಬರ ಕಿವಿ ಇನ್ನೊಬ್ಬರ ಗದ್ದಲದಲ್ಲಿ ಮುಚ್ಚಿಹೋಗುತ್ತದೆ. ವಳ್ಳೂರಿನ ಹ್ಯಾಮ್ ಗೆಳೆಯನಿಗೆ ನಮ್ಮ ಗದ್ದಲವೂ ಬೇಕಿಲ್ಲ, ಪಕ್ಕದ ಸೋಲಾರ್ ಪಾರ್ಕಿನ ಯಂತ್ರಗಳು ಹಗಲಿಡೀ ಅವನ ಸೆಟ್ಟಿನಲ್ಲಿ ಎಬ್ಬಿಸುವ ಗೊರಗೊರವೇ ಸಾಕು.

ಹೋದ ವರ್ಷ ಹಿಂದೂ ಮಹಾಸಾಗರದ ತೀರಾ ದಕ್ಷಿಣದ, ಜನರೇ ಇಲ್ಲದ ಒಂದು ದ್ವೀಪಕ್ಕೆ ಯಾವುದೋ ತಂಡ ರೇಡಿಯೋ ಹೊತ್ತುಕೊಂಡು ಹೋಯಿತು. ಮೇಷ್ಟ್ರು ನಲವತ್ತು ವರ್ಷದಿಂದ ಕಾದಿದ್ದು ಅದಕ್ಕೇ. ಅವರ ಗೋಡೆಯ ಭೂಪಟದಲ್ಲಿ, ಮಾತಾಡಿಸಿದ ದೇಶಕ್ಕೆಲ್ಲ ಒಂದೊಂದು ಗುಂಡುಸೂಜಿ ಚುಚ್ಚಿದೆ. ಆ ದ್ವೀಪದ ಸುತ್ತ ಮಾತ್ರ ಬರೀ ಪೆನ್ಸಿಲ್ ಗೆರೆ. ಅದಕ್ಕೆಂದು ತೆಗೆದಿಟ್ಟ ಕೆಂಪು ತಲೆಯ ಸೂಜಿ ರೇಡಿಯೋ ಪಕ್ಕದ ಡಬ್ಬಿಯಲ್ಲಿತ್ತು.

ತಂಡದ ಕೊನೆಯ ದಿನ ಭಾನುವಾರ. ಬೆಳಿಗ್ಗೆ ಸೆಟ್ಟು ತಿರುಗಿಸುತ್ತಿದ್ದವಳಿಗೆ ಆ ದ್ವೀಪದ ದನಿ ಸ್ಪಷ್ಟವಾಗಿ ಕೇಳಿಸಿತು. ಪಟ್ಟಿಯಲ್ಲಿ ಇನ್ನೂ ಯಾರೂ ಹಾಕಿರಲಿಲ್ಲ. ಪಾಠ ನೆನಪಾಯಿತು, ಆದರೆ ಆಸೆ ಅದಕ್ಕಿಂತ ಮುಂದಿತ್ತು. ಹಾಕಿದರೆ ಜಪಾನು, ಯುರೋಪೆಲ್ಲ ಮುಗಿಬೀಳುತ್ತವೆ, ಆಗ ನನ್ನ ಬಡಪಾಯಿ ಸೆಟ್ಟಿನ ದನಿ ಯಾರಿಗೆ ಕೇಳಬೇಕು? ಮೊದಲು ನನ್ನದಾಗಲಿ ಎಂದು ಕೂಗಿದೆ. ಇಪ್ಪತ್ತು ನಿಮಿಷ ಕೂಗಿದೆ. ಒಲೆಯ ಮೇಲಿನ ಹಾಲು ಉಕ್ಕಿ ಸೀದ ವಾಸನೆ ಬರುವ ಹೊತ್ತಿಗೆ ದ್ವೀಪದವನು ನನ್ನನ್ನು ಹೆಸರು ಹಿಡಿದು ಕರೆದ.

ಕೆಲಸ ಆದಮೇಲೆ ನನಗೆ ಧರ್ಮ ನೆನಪಾಯಿತು. ರೇಡಿಯೋ ಮುಂದೆ ಕೂತರೆ ಮೇಷ್ಟ್ರು ಮೊಬೈಲ್ ಆಫ್ ಮಾಡುತ್ತಾರೆ, ಕಂಪ್ಯೂಟರಿನಲ್ಲಿ ಪಟ್ಟಿ ಮಾತ್ರ ನೋಡುತ್ತಾರೆ. ಅವರಿಗೆ ಗೊತ್ತಾಗಲಿ ಎಂದು ತಕ್ಷಣ ಪಟ್ಟಿಗೆ ಹಾಕಿದೆ. ಒಂದು ನಿಮಿಷ ಆಗಿರಲಿಲ್ಲ, ಸಂತೆಯೇ ಸೇರಿತು. ಆ ಗಲಾಟೆಯಲ್ಲಿ ಮಧುಗಿರಿಯ ಮೇಷ್ಟ್ರ ದನಿ ಎದ್ದಿತು. ಐದು ಸಲ, ಆರು ಸಲ, ಹತ್ತು ಸಲ. ದ್ವೀಪದವನು ಯಾರ್ಯಾರಿಗೋ ಉತ್ತರ ಕೊಟ್ಟ. ಒಂಬತ್ತಕ್ಕೆ ಎಲ್ಲರಿಗೂ ನಮಸ್ಕಾರ ಹೇಳಿ ಸ್ಟೇಷನ್ ಮುಚ್ಚಿದ.

ಸಂಜೆ ಬಸ್ಸು ಹತ್ತಿ ಮಧುಗಿರಿಗೆ ಹೋದೆ. ಮೇಷ್ಟ್ರು ಜಗಲಿಯ ಮೇಲೆ ಕಡಲೆಕಾಯಿ ಬಿಡಿಸುತ್ತಿದ್ದರು.

“ಪಟ್ಟಿ ನೋಡಿದ್ದು ತಡವಾಯ್ತಾ ಮೇಷ್ಟ್ರೇ?”

“ಪಟ್ಟಿ ಯಾಕ್ ನೋಡ್ಲಮ್ಮ? ನಿಂಗಿಂತ ಮುಂಚೆನೇ ನಂಗೆ ಕೇಳುಸ್ತು. ಕೂಗನ ಅನ್ನೋಷ್ಟ್ರಲ್ಲಿ ನೀನು ಶುರು ಹಚ್ಕೊಂಡ್ಬುಟ್ಟೆ. ನಿಂದು ಮುಗೀಲಿ, ಆಮೇಲೆ ನಂದು ಅಂತ ಕೂತ್ಕಂಡೆ.”

“ಮತ್ತೆ ನೀವು ಯಾಕೆ ಪಟ್ಟಿಗೆ ಹಾಕಲಿಲ್ಲ?”

“ಹಾಕಿದ್ರೆ ನಿಂಗೆ ಸಿಕ್ತಿತ್ತಾ?”

ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವರು ಅವತ್ತೊಂದು ದಿನ ನನಗಾಗಿ ತಮ್ಮ ಮೊದಲ ಪಾಠವನ್ನೇ ಮುರಿದಿದ್ದರು. ನಾನು ಅದನ್ನು ಐದು ನಿಮಿಷ ಬೇಗ ಪಾಲಿಸಿ ಅವರ ಸರದಿಯನ್ನು ಊರಿಗೆಲ್ಲ ಹಂಚಿಬಿಟ್ಟಿದ್ದೆ. ತಪ್ಪಾಯ್ತು ಎಂದೆ. “ಹಾಕ್ದೆ ಇದ್ದಿದ್ರೆ ಬೈತಿದ್ದೆ” ಎನ್ನುತ್ತಾ ಒಳಗೆ ಹೋಗಿ ಡಬ್ಬಿ ತಂದರು. ಕೆಂಪು ಸೂಜಿಯನ್ನು ನನ್ನ ಅಂಗೈಯಲ್ಲಿಟ್ಟು, “ನಿನ್ ಭೂಪಟಕ್ಕೆ ಚುಚ್ಕೋ” ಎಂದರು.

ಅದು ಇನ್ನೂ ನನ್ನ ಪರ್ಸಿನಲ್ಲೇ ಇದೆ. ಚುಚ್ಚಲು ನನಗೆ ಮನಸ್ಸಾಗಿಲ್ಲ.